ಕಣ್ಣಿಗೆ ಬಟ್ಟೆ ಕಟ್ಟಿದವಳು

ಹುಳ ತಿಂದದ್ದು ಕಿರೀಟದವಳನ್ನು. ಕಣ್ಣಿಗೆ ಬಟ್ಟೆ ಕಟ್ಟಿದವಳಿಗೆ ಏನೂ ಆಗಿರಲಿಲ್ಲ. ದೇವರಿಗೂ ತಮಾಷೆ ಗೊತ್ತು ಎಂದು ನನಗೆ ಅವತ್ತೇ ಅನಿಸಿತ್ತು. ಪಾದ್ರಿಯಾದ ನನ್ನ ತಮ್ಮನಿಗೆ ಮಾತ್ರ ಅನಿಸಲಿಲ್ಲ.

ನಮ್ಮ ಚರ್ಚಿನಲ್ಲಿ ಪ್ರಸಂಗ ಮಾಡುವ ಪೀಠದ ಎರಡು ಪಕ್ಕ ಆಳೆತ್ತರದ ಇಬ್ಬರು ಮರದ ಹೆಂಗಸರು ನಿಂತಿದ್ದರು. ಕೆತ್ತಿದವನು ನನ್ನ ತಾತ. ಬಲಗಡೆಯವಳು ಕಿರೀಟ ಇಟ್ಟುಕೊಂಡು ತಲೆ ಎತ್ತಿದವಳು. ಅವಳು ಕ್ರೈಸ್ತ ಸಭೆ. ಎಡಗಡೆಯವಳ ಕಣ್ಣಿಗೆ ಬಟ್ಟೆ, ಕೈಯಲ್ಲಿ ಮುರಿದ ಕೋಲು; ಅವಳು ಯೆಹೂದ್ಯರ ಜನಾಂಗ. ದೇವರು ಮೊದಲು ಅವಳ ಜೊತೆ ಒಡಂಬಡಿಕೆ ಮಾಡಿಕೊಂಡ, ಅವಳು ಕ್ರಿಸ್ತನನ್ನು ಒಪ್ಪಲಿಲ್ಲ, ಅದಕ್ಕೆ ಅವಳನ್ನು ಬಿಟ್ಟು ನಮ್ಮ ಕೈ ಹಿಡಿದ ಎಂದು ಅದರ ಅರ್ಥವಂತೆ. "ಮೊದಲನೇ ಹೆಂಡತೀನ ಬಿಟ್ಟವನು ಎರಡನೆಯವಳನ್ನ ಬಿಡಲ್ಲ ಅಂತ ಏನು ಗ್ಯಾರಂಟಿ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅಮ್ಮ ಬಾಯಿಯ ಮೇಲೆ ಒಂದು ಕೊಟ್ಟಳು.

ಹುಳ ತಿಂದವಳ ಬದಲಿಗೆ ಹೊಸಬಳನ್ನು ಕೆತ್ತಿಕೊಡು ಎಂದು ಸಭೆಯ ಹಿರಿಯರು ನನಗೆ ಹೇಳಿದರು. ತಾತನ ಉಳಿಗಳು ಈಗ ನನ್ನ ಕೈಯಲ್ಲಿವೆ. ಒಪ್ಪಿಕೊಂಡೆ.

ನನ್ನ ಮಗ ರೈಲು ಓಡಿಸುತ್ತಾನೆ. ಮನೆಗಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಅವನ ಹೆಂಡತಿ, ನನ್ನ ಸೊಸೆ, ಯೆಹೂದಿ. ಔಷಧಿ ಅಂಗಡಿಯಲ್ಲಿ ಕೆಲಸ. ಹೊಟ್ಟೆ ದೊಡ್ಡದಾದ ಮೇಲೆ ರಜೆ ಹಾಕಿ, ಮಧ್ಯಾಹ್ನ ನನ್ನ ಕೆಲಸದ ಕೋಣೆಯ ಕಿಟಕಿ ಪಕ್ಕ ಬಂದು ಕೂರುತ್ತಿದ್ದಳು. ಸುಮ್ಮನೆ ಕೂರುವ ಜಾತಿಯಲ್ಲ. ಉಪ್ಪು ಕಾಗದ ಕೈಗೆ ಕೊಟ್ಟರೆ ಬೊಂಬೆಯ ಸೆರಗಿನ ನೆರಿಗೆಗಳನ್ನೆಲ್ಲ ಉಜ್ಜಿ ಉಜ್ಜಿ ಬೆಣ್ಣೆ ಮಾಡಿಟ್ಟಳು. "ಹೆರಿಗೆ ಇಲ್ಲೇ ಆಗಲಿ ಅತ್ತೆ. ನೀವಿದ್ದೀರಲ್ಲ," ಅಂದಿದ್ದಳು. ನನಗೆ ಆಕಾಶ ಮೂರೇ ಗೇಣು.

ಮುಖವನ್ನು ಕೊನೆಗೆ ಕೆತ್ತುವುದು, ಮುಗಿಯುವವರೆಗೆ ಗೋಣಿ ಹೊದಿಸಿ ಯಾರಿಗೂ ತೋರಿಸದಿರುವುದು ನಮ್ಮ ಮನೆತನದ ಪದ್ಧತಿ. ಹಾಗಾಗಿ ಸೊಸೆ ಮುಖ ನೋಡಿರಲಿಲ್ಲ. ಮೊದಲು ನೋಡಿದವನು ನನ್ನ ತಮ್ಮ. ಕೆಲಸ ಎಲ್ಲಿಗೆ ಬಂತು ಎಂದು ಕೇಳಲು ಬಂದವನು, ಬೇಡವೆನ್ನುವಷ್ಟರಲ್ಲಿ ಗೋಣಿ ಎಳೆದ.

"ಅಕ್ಕ, ಇದು ನಿನ್ನ ಸೊಸೆ ಅಲ್ವಾ?"

"ಹೌದು. ಚೆನ್ನಾಗಿದ್ದಾಳೆ ಅಲ್ವಾ?"

"ಚೆನ್ನಾಗೇನೋ ಇದ್ದಾಳೆ. ಆದ್ರೆ ಸಭೆಗೆ ಯೆಹೂದಿ ಮುಖ ಇಡೋಕಾಗುತ್ತಾ? ಜನ ಏನಂತಾರೆ? ಇವಳ ಮುಖ ಇಡಲೇಬೇಕು ಅಂದ್ರೆ ಆ ಬಟ್ಟೆ ಕಟ್ಟಿದವಳಿಗೆ ಇಡು. ಸರಿಯಾಗಿ ಹೊಂದುತ್ತೆ." ದೊಡ್ಡ ಜೋಕು ಹೊಡೆದವನಂತೆ ನಕ್ಕ.

ನನ್ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಕೊಡತಿ ಇತ್ತು. ದೇವರು ದೊಡ್ಡವನು, ಅದನ್ನು ಹಲಗೆಯ ಮೇಲೆ ಇಟ್ಟೆ.

"ಲೋ, ಪ್ರತಿ ಭಾನುವಾರ ಯಾರ ಹೆಸರು ಹೇಳಿ ಊಟ ಮಾಡ್ತಿದೀಯೋ ನೀನು? ಅವನ ತಾಯಿ ಯಾರು? ಅವನ ಶಿಷ್ಯರು ಯಾರು? ಎಲ್ಲ ಯೆಹೂದ್ಯರೇ ತಾನೇ? ಅವರ ಕೀರ್ತನೆ ಬೇಕು, ಅವರ ಪ್ರವಾದಿಗಳು ಬೇಕು, ಅವರು ಮಾತ್ರ ಬೇಡ! ಹತ್ತಿದ ಏಣಿ ಒದೆಯೋದು ಅಂದ್ರೆ ಇದೇ ಕಣೋ."

"ಅದು ಬೇರೆ ಅಕ್ಕ. ಹಳೇ ಒಡಂಬಡಿಕೆ ಮುಗೀತು. ಹೊಸದು ಬಂದ ಮೇಲೆ ಹಳೇದಕ್ಕೆ ಏನು ಬೆಲೆ?"

"ಮುಗೀತು ಅಂತ ಯಾರಂದ್ರು? ನಿನ್ನ ಬೈಬಲ್ಲಿನ ಪೌಲ ಅಂದ್ನಾ? ದೇವರು ಒಂದ್ಸಲ ಕರೆದರೆ ಕರೆದಿಲ್ಲ ಅನ್ನಲ್ಲ ಅಂತ ತಾನೇ ಅವನು ಹೇಳಿದ್ದು? ನಾವು ಕಸಿ ಕಟ್ಟಿದ ಕೊಂಬೆ, ಬೇರು ಅವರದು. ಕೊಂಬೆ ಬೇರಿಗೇ ಜಂಬ ತೋರಿಸಿದ್ರೆ ಮರದ ಗತಿ ಏನೋ? ಅವರಿಗೆ ಕೊಟ್ಟ ಮಾತನ್ನ ದೇವರು ಮುರಿದ ಅಂತ ನೀನೇ ಹೇಳ್ತೀಯ. ಮತ್ತೆ ಸತ್ತವರ ಮನೆಗೆ ಹೋಗಿ 'ದೇವರು ಕೈ ಬಿಡಲ್ಲ' ಅಂತ ಯಾವ ಬಾಯಲ್ಲಿ ಹೇಳ್ತೀಯ?"

ಅವನ ಮುಖ ಕಪ್ಪಿಟ್ಟಿತು. "ಭಾನುವಾರದೊಳಗೆ ಮುಖ ಬದಲಾಯಿಸು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ," ಎಂದು ಬಾಗಿಲು ಬಡಿದು ಹೋದ.

ತಿರುಗಿದರೆ ಒಳಬಾಗಿಲಲ್ಲಿ ಸೊಸೆ, ಕೈಯಲ್ಲಿ ಚಹಾದ ಲೋಟಗಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಪರ ಇಷ್ಟೊಂದು ಜಗಳವಾಡಿದ್ದೇನಲ್ಲ, ಬಂದು ತಬ್ಬಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಲೋಟಗಳನ್ನು ಕೆಳಗಿಟ್ಟು ಬೊಂಬೆಯ ಎದುರು ನಿಂತಳು.

"ಇದು ನಾನಾ? ನನ್ನನ್ನ ಒಂದು ಮಾತು ಕೇಳಿದ್ರಾ ಅತ್ತೆ?"

"ಅಯ್ಯೋ, ಪ್ರೀತಿಯಿಂದ ಮಾಡಿದ್ದು ಕಣೇ!"

"ಗೊತ್ತು. ನಿಮ್ಮ ತಮ್ಮನೂ ನಗ್ತಾನೇ ಹೇಳಿದ್ರು. ಅವರು ನನ್ನನ್ನ ಕುರುಡಿ ಅಂದ್ರು. ನೀವು ಕಿರೀಟ ಇಟ್ಟು ನಿಮ್ಮ ಸಭೆ ಮಾಡ್ಬಿಟ್ರಿ. ಕ್ರಿಸ್ತ ಇಲ್ಲದೇನೇ ನನ್ನ ಜನ ಇವತ್ತಿಗೂ ದೇವರ ಜೊತೆ ಮಾತಾಡ್ತಿದ್ದಾರೆ ಅತ್ತೆ. ದೇವರೇನೂ ಕಿವಿ ಮುಚ್ಕೊಂಡಿಲ್ಲ. ನಾನು ನಾನಾಗೇ ಇದ್ರೆ ನಿಮ್ಮಿಬ್ಬರಿಗೂ ಆಗಲ್ವಾ?" ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನಾಳೆ ಇದಕ್ಕೂ ಹೀಗೇ ಕೇಳದೆ ಒಂದು ಮುಖ ಕೆತ್ತಿಡ್ತೀರಾ?"

ನೆಲಕ್ಕೆ ಬಿದ್ದಿದ್ದ ಗೋಣಿಯನ್ನು ಎತ್ತಿ ಮಡಿಸಿದೆ.

"ಹೆರಿಗೆಗೆ ಅಮ್ಮನ ಮನೆಗೆ ಹೋಗ್ತೀನಿ," ಅಂದಳು. "ಆಮೇಲೆ ಬರೋದು, ನೋಡೋಣ."

ಬಟ್ಟೆ ತುಂಬಲು ಮೇಲೆ ಹೋದಳು. ಮೊದಲು ಅವಳ ಮೇಲೇ ಸಿಟ್ಟು ಬಂತು. ಎಷ್ಟು ಪ್ರೀತಿ ಸುರಿದರೂ ಇವಳಿಗೆ ಸಾಲದೇನು? ಹಾಗೆ ಗೊಣಗುತ್ತ ಲೋಟ ಎತ್ತಿಕೊಂಡೆ. ಎದುರಿಗೆ ಅವಳ ಮುಖ, ನನ್ನ ಕಿರೀಟದ ಕೆಳಗೆ. ಅವಳು ಎಂದೂ ಹಾಗೆ ತಲೆ ಎತ್ತಿ ಮೆರೆದವಳಲ್ಲ. ಸಿಟ್ಟು ತಿರುಗಿ ನನ್ನ ಮೇಲೇ ಬಿತ್ತು. ಲೋಟ ಹಾಗೇ ಕೆಳಗಿಟ್ಟೆ.

ಉಳಿ ಕೊಡತಿ ಚೀಲಕ್ಕೆ ಹಾಕಿಕೊಂಡು ನೇರ ಚರ್ಚಿಗೆ ನಡೆದೆ. ತಮ್ಮ ಪೀಠದ ಮೇಲೆ ನಿಂತು ಭಾನುವಾರದ ಪ್ರಸಂಗ ಅಭ್ಯಾಸ ಮಾಡುತ್ತಿದ್ದ. ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸ್ಟೂಲು ಎಳೆದು ಬಟ್ಟೆ ಕಟ್ಟಿದವಳ ಎದುರು ಹತ್ತಿದೆ.

ತೆಳು ಭಾಗಗಳನ್ನು ಬೇರೆ ಮರದಲ್ಲಿ ಕೆತ್ತಿ, ಬೆಣೆ ಹೊಡೆದು ಕೂರಿಸುವವನು ನಮ್ಮ ತಾತ. ಆ ಬಟ್ಟೆಯೂ ಹಾಗೇ ಕೂರಿಸಿದ್ದು. ಅದನ್ನು ಬಿಚ್ಚಿದರೆ ಕೆಳಗೆ ಕಣ್ಣುಗಳು ಸಿಗುತ್ತವೆ, ಇಷ್ಟು ವರ್ಷ ಮುಚ್ಚಿಟ್ಟ ಕಣ್ಣುಗಳು, ಅವನ್ನು ಸೊಸೆಗೆ ತೋರಿಸುತ್ತೇನೆ ಎಂದುಕೊಂಡಿದ್ದೆ. ಎರಡು ಬೆಣೆ ಹಾರಿದವು. ಬಟ್ಟೆ ಕಳಚಿ ಕೈಗೆ ಬಂತು.

ಕಣ್ಣಿರಲಿಲ್ಲ. ಹುಬ್ಬಿನಿಂದ ಕೆನ್ನೆಯವರೆಗೆ ಮರ ಮಣೆಯಂತೆ ನುಣುಪಾಗಿತ್ತು.

"ಅಕ್ಕ! ತಲೆ ಕೆಟ್ಟಿದೆಯಾ ನಿನಗೆ?" ತಮ್ಮ ಓಡಿ ಬಂದ.

"ಬಾರೋ, ನೋಡು. ಇವಳಿಗೆ ಕಣ್ಣೇ ಕೊಟ್ಟಿಲ್ಲ ತಾತ. ಕೊಡದೆ, ಅದರ ಮೇಲೆ ಬಟ್ಟೆ ಕಟ್ಟಿ, 'ನೋಡಿ, ಇವಳಿಗೆ ಕಾಣಲ್ಲ' ಅಂತ ಮೂರು ತಲೆಮಾರು ಹೇಳಿಕೊಂಡು ಬಂದಿದೀವಿ! ನಾಚಿಕೆ ಆಗಬೇಕು ಕಣೋ. ತಾತನಿಗೆ, ನಿನಗೆ, ನನಗೂ!"

ಅವನು ಆ ಬೋಳು ಮುಖವನ್ನೇ ನೋಡಿದ. ನನ್ನನ್ನು ತಡೆಯಲು ಎತ್ತಿದ್ದ ಕೈ ತಾನಾಗಿ ಕೆಳಗಿಳಿಯಿತು.

ಸೊಸೆಗೆ ಫೋನ್ ಮಾಡಿದೆ. "ಬಸ್ಸು ಹತ್ತೋ ಮೊದಲು ಚರ್ಚಿಗೆ ಒಂದ್ಸಲ ಬಾ. ನಿನ್ನನ್ನ ಒಂದು ಕೇಳಬೇಕು." ಅವಳು ಫೋನ್ ಇಟ್ಟುಬಿಟ್ಟಳು.

ಬಂದಳು. ಹೆಗಲಲ್ಲಿ ಬ್ಯಾಗು, ಏದುಸಿರು. ಕಣ್ಣಿಲ್ಲದವಳ ಮುಂದೆ ಹೋಗಿ ನಿಂತಳು.

"ಇವಳಿಗೆ ಕಣ್ಣು ಕೆತ್ತಲಾ?" ಕೇಳಿದೆ. "ನೀನು ಬೇಡ ಅಂದ್ರೆ ಉಳಿ ಮುಟ್ಟಲ್ಲ."

"ಹಿರಿಯರ ಒಪ್ಪಿಗೆ ಇಲ್ಲದೆ..." ತಮ್ಮ ಶುರು ಮಾಡಿದ.

"ನಿನ್ನನ್ನ ಕೇಳಲಿಲ್ಲ."

"ನನ್ನ ಕಣ್ಣು ಬೇಡ," ಸೊಸೆ ನಿಧಾನವಾಗಿ ಹೇಳಿದಳು. "ಅವಳದೇ ಇರಲಿ. ನೆಲ ನೋಡೋದು ಬೇಡ. ನೇರ ನೋಡಲಿ, ಅಲ್ಲಿ ನಿಂತು ಪ್ರಸಂಗ ಮಾಡೋರನ್ನ." ಪೀಠದ ಕಡೆ ಬೆರಳು ತೋರಿಸಿದಳು. "ಆ ಕೋಲನ್ನೂ ಅಂಟಿಸಿಕೊಡಿ. ಕಿರೀಟದವಳಿಂದ ನನ್ನ ಮುಖ ತೆಗೆದುಬಿಡಿ. ನಿಮ್ಮ ಮುಖಾನೇ ಇಡಿ. ಆ ಜಂಬಕ್ಕೆ ನೀವೇ ಸರಿ."

ಬೇರೆ ಯಾರಾದರೂ ಅಂದಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ. ಸುಮ್ಮನೆ ತಲೆಯಾಡಿಸಿ, ಎಡಗಣ್ಣಿನ ಜಾಗದಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆದೆ.

"ನಿನ್ನ ಬಸ್ಸು?"

ಅವಳು ಬ್ಯಾಗನ್ನು ಮುಂದಿನ ಬೆಂಚಿನ ಮೇಲಿಟ್ಟು ಕೂತಳು. "ಕಣ್ಣು ಮುಗಿಯೋವರೆಗೂ ಇರ್ತೀನಿ. ಆಮೇಲಿನದು ಆಮೇಲೆ."

ಎಷ್ಟು ನಿಧಾನವಾಗಿ ಕೆತ್ತಬಹುದೋ ಅಷ್ಟು ನಿಧಾನವಾಗಿ ಉಳಿ ಇಟ್ಟೆ.