ಮೊಲದ ಹಲ್ಲಿನ ಹೆಬ್ಬುಲಿ

ಆ ಮನರಂಜನಾ ಪಾರ್ಕಿನಲ್ಲಿ ಕಾಡುಪ್ರಾಣಿಯ ಹೆಸರಿಲ್ಲದಿದ್ದರೆ ಮರ್ಯಾದೆಯೇ ಇರಲಿಲ್ಲ. ತಲೆಕೆಳಗಾಗಿ ತಿರುಗಿಸುವುದು ಹೆಬ್ಬಾವು, ಎತ್ತರದಿಂದ ಬೀಳಿಸುವುದು ಗಿಡುಗ. ನೆಲ ಒರೆಸುವ ಯಂತ್ರಕ್ಕೂ ಘೇಂಡಾಮೃಗ ಅಂತ ಹೆಸರು. ಇದುವರೆಗೆ ಒಂದು ಮ್ಯಾಚನ್ನೂ ಗೆಲ್ಲದ ನೌಕರರ ಫುಟ್‌ಬಾಲ್ ತಂಡದವರು ತಮ್ಮನ್ನು ತೋಳಗಳು ಎಂದು ಕರೆದುಕೊಂಡಿದ್ದರು. ಹಳಿಯ ಮೇಲೆ ಏರಿಳಿಯುವ ಸಣ್ಣ ಬಂಡಿಯೊಂದು ಮಾತ್ರ ಪಾಪ, ಮೊಲವಾಗಿತ್ತು. ಅದನ್ನು ನಡೆಸುವವನನ್ನು ಎಲ್ಲರೂ ಬ್ರೇಕಪ್ಪ ಎಂದೇ ಕರೆಯುತ್ತಿದ್ದರು.

"ಈ ತಿಂಗಳು ಜನ ಸೇರದಿದ್ರೆ ಇದನ್ನ ಗುಜರಿಗೆ ಹಾಕ್ತೀನಿ. ನೀನೂ ಬೇರೆ ಕೆಲಸ ನೋಡ್ಕೋ," ಎಂದು ಪಾರ್ಕಿನ ಧಣಿ ಹೇಳಿದ ಮೇಲೆ ಬ್ರೇಕಪ್ಪನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಪೇಂಟರನ ಕೈಕಾಲು ಹಿಡಿದು ಬಂಡಿಯ ಕಿವಿ ಮೊಟಕು ಮಾಡಿಸಿ, ಪಟ್ಟೆ ಬಳಿಸಿ, ಹೆಬ್ಬುಲಿ ಎಂದು ಬರೆಸಿದ. ಮುಂದಿನ ಎರಡು ತಗಡಿನ ಹಲ್ಲು ಮಾತ್ರ ಹಾಗೇ ಉಳಿದವು.

ಟಿಕೆಟ್ ಕಿಟಕಿಯಲ್ಲಿ ಕೂರುವ ಅವನ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಹುಲಿಯೇನ್ರೀ ಇದು? ಸೊಪ್ಪು ಹಾಕಿದ್ರೆ ತಿನ್ನೋ ಹಾಗಿದೆ!"

ಎತ್ತರವೆಂದರೆ ಅವಳಿಗೆ ಜೀವವೇ ಬಾಯಿಗೆ ಬರುತ್ತಿತ್ತು. ಆದರೂ ದಿನಾ ಪಾರ್ಕು ಮುಚ್ಚುವ ಮುಂಚೆ ಗಂಡನ ಬಂಡಿಯಲ್ಲೊಂದು ಸುತ್ತು ಹೋಗುತ್ತಿದ್ದಳು. ಬಂಡಿ ತುದಿಗೆ ಬಂದಾಗ ಗಂಡ ಕೆಳಗಿನಿಂದ ಅವಳನ್ನು ನೋಡಿ ಕೈಯೆತ್ತಬೇಕು, ಅಷ್ಟಾದರೆ ಧೈರ್ಯ. ಮದುವೆಗೆ ಮುಂಚಿನಿಂದಲೂ ಹೀಗೇ.

ಹೊಸ ಹೆಸರಿಗೆ ಜನ ಬಂದರು. ಇಳಿಯುವಾಗ "ಇಷ್ಟೇನಾ?" ಎಂದು ಮೂಗು ಮುರಿದರು. ಹೆಸರು ಬದಲಾದದ್ದು ಮೋಟಾರಿಗೇನು ಗೊತ್ತು? ಚಡಪಡಿಕೆ ತಾಳಲಾರದೆ ಬ್ರೇಕಪ್ಪ ಒಂದು ದಿನ ಬಂಡಿಯನ್ನು ತುದಿಯಲ್ಲಿ ನಿಲ್ಲಿಸಿಬಿಟ್ಟ. ಸುಮ್ಮನೆ ನಿಲ್ಲಿಸಿದ, ಅಷ್ಟೇ. ಕೆಟ್ಟುಹೋಯಿತೆಂದುಕೊಂಡು ಜನ ಕಿರುಚಿದರು, ಇಳಿದವರೇ ಮತ್ತೆ ಸಾಲಿನಲ್ಲಿ ನಿಂತರು.

ಆದರೆ ಧಣಿ ನೋಡಲು ಬಂದ ಮಧ್ಯಾಹ್ನ ಸಾಲೇ ಇರಲಿಲ್ಲ. ಬ್ರೇಕಪ್ಪ ಕಿಟಕಿಯತ್ತ ಓಡಿ, "ಬಾರೇ, ಮಾನ ಉಳಿಸು," ಎಂದು ಹೆಂಡತಿಯನ್ನೂ ಕೈಗೆ ಸಿಕ್ಕ ತೋಳಗಳನ್ನೂ ಎಳೆತಂದು ಕೂರಿಸಿದ. ಬಂಡಿ ತುದಿಗೇರಿತು. ಬ್ರೇಕು ಹಾಕಿದ. ಧಣಿಯ ಮುಖದಲ್ಲಿ ಏನೂ ಕಾಣಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಿಡಿದ. ಆಗ ಮೇಲಿನಿಂದ ಅವಳು ಕೂಗಿದ ಕೂಗಿಗೆ ಇಡೀ ಪಾರ್ಕು ತಿರುಗಿ ನೋಡಿತು.

"ಹುಲಿ ಅಂದ್ರೆ ಇದಪ್ಪಾ!" ಧಣಿ ಬೆನ್ನು ತಟ್ಟಿದ. "ಇರ್ಲಿ, ನಡೆಸು."

ಕೆಲಸ ಉಳಿಯಿತು. ಬಂಡಿ ಕೆಳಗೆ ಬಂದಾಗ ಬ್ರೇಕಪ್ಪ ಕೈ ಚಾಚಿದ. ಅವಳು ಹಿಡಿಯದೆ ಇಳಿದಳು.

"ಹೆದ್ರಿಬಿಟ್ಯಾ? ಬೇಕಂತಲೇ ನಿಲ್ಸಿದ್ದು ಕಣೇ, ನಿಂಗೆ ಗೊತ್ತಲ್ಲ."

"ಗೊತ್ತಿತ್ತು. ನಿಲ್ಸಿದ್ದಕ್ಕೆ ಕೂಗ್ಲಿಲ್ಲ ನಾನು. ನೀವು ಧಣಿ ಮುಖಾನೇ ನೋಡ್ತಾ ನಿಂತಿದ್ರಿ. ಕೊನೆಗೆ ನಾನೇ ಕೈ ಎತ್ತಿದೆ. ಆಗ್ಲೂ ನೋಡ್ಲಿಲ್ಲ."

ಅವಳು ಹೋಗಿ ಕಿಟಕಿಯಲ್ಲಿ ಕೂತು ಟಿಕೆಟ್ ಹರಿಯತೊಡಗಿದಳು. ಕೂಗು ಕೇಳಿದ್ದ ಜನ ಸಾಲುಗಟ್ಟಿದ್ದರು.

ಪಾರ್ಕು ಮುಚ್ಚುವ ಹೊತ್ತಿಗೆ ಬ್ರೇಕಪ್ಪ ಬಂಡಿಯ ಮೊದಲ ಸೀಟಿನ ಸರಳು ಎತ್ತಿಟ್ಟು ಕಾದ. ಅವಳು ಕಿಟಕಿ ಹಾಕಿ ನೇರ ಗೇಟಿಗೆ ಹೋದಳು.

"ಬರ್ತೀರಾ? ಹೊತ್ತಾಯ್ತು."

ಅವನು ಅಲ್ಲಿಂದಲೇ ಕೈಯೆತ್ತಿದ. ಅವಳು ತಲೆ ಬಗ್ಗಿಸಿ ಬ್ಯಾಗಿನಲ್ಲಿ ಮನೆಯ ಬೀಗದ ಕೈ ಹುಡುಕುತ್ತಿದ್ದಳು.