ನೀಲಿ ಆಲ್ಬಮ್ಮಿನ ಸ್ವೆಟರ್

ನಮ್ಮ ಯಜಮಾನರಿಗೆ ಕ್ಯಾಮೆರಾ ಹಿಡಿಯಲು ಬರುತ್ತದೆ, ಅದನ್ನು ರಿಪೇರಿಗೆ ಕೊಡಲು ಬರುವುದಿಲ್ಲ. ಹಿಂಬದಿಯ ಸ್ಕ್ರೀನ್ ಕೆಟ್ಟು ನಾಲ್ಕು ತಿಂಗಳಾಗಿತ್ತು. "ದೇವರು ಕಣ್ಣು ಕೊಟ್ಟಿಲ್ವಾ? ಕಿಂಡೀಲಿ ನೋಡಿ ತೆಗೀತೀನಿ" ಎಂದುಕೊಂಡು ಓಡಾಡುತ್ತಿದ್ದರು. ಹಾಗೆ ನೋಡಿಯೇ ಒಂದು ಇಡೀ ಮದುವೆಯನ್ನು ಕರಿಬಿಳುಪಿನಲ್ಲಿ ತೆಗೆದುಕೊಂಡು ಬಂದರು.

ಹಿಂದಿನ ದಿನ ಯಾರಿಗೋ ಅರ್ಜಿಗೆ ಕರಿಬಿಳುಪು ಫೋಟೋ ಬೇಕಿತ್ತಂತೆ. ಕ್ಯಾಮೆರಾದ ಮೇಲಿನ ಚಕ್ರವನ್ನು ಆ ಕಡೆ ತಿರುಗಿಸಿದವರು ಮತ್ತೆ ಈ ಕಡೆ ತಿರುಗಿಸಲಿಲ್ಲ. ನಮ್ಮ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಕಾರ್ಡ್ ಹಾಕಿ ನೋಡಿದೆ: ಆರುನೂರ ಹನ್ನೆರಡು ಫೋಟೋ, ಒಂದರಲ್ಲೂ ಬಣ್ಣವಿಲ್ಲ. ಹಾಗೆ ತೆಗೆದರೆ ಕ್ಯಾಮೆರಾ ಬಣ್ಣವನ್ನು ಎಸೆದುಬಿಡುತ್ತದೆ, ಎಸೆದದ್ದು ಆಮೇಲೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಸಾಲದ್ದಕ್ಕೆ ಆ ಮದುಮಗಳು 'ದಯವಿಟ್ಟು ಫೋನಿನಲ್ಲಿ ಫೋಟೋ ತೆಗೆಯಬೇಡಿ, ಫೋಟೋಗ್ರಾಫರ್ ಇದ್ದಾರೆ' ಎಂದು ಛತ್ರದ ಬಾಗಿಲಿಗೆ ಬೋರ್ಡ್ ಹಾಕಿಸಿದ್ದಳು. ಅಷ್ಟು ನಂಬಿದ್ದಳು ನಮ್ಮನ್ನು.

"ಈಗೇನು ಮಾಡೋದೇ?" ಎಂದರು ಯಜಮಾನರು, ತಲೆಯ ಮೇಲೆ ಕೈ ಹೊತ್ತು.

ಉಪಾಯ ನನ್ನದೇ. ಅದಕ್ಕೇ ಈ ಕಥೆಯಲ್ಲಿ ಅವರೊಬ್ಬರನ್ನೇ ಬೈಯುವಂತಿಲ್ಲ. ಕರಿಬಿಳುಪು ಕೊಟ್ಟರೆ ತಪ್ಪು ಎನ್ನುತ್ತಾರೆ, ನೀಲಿ ಕೊಟ್ಟರೆ ಕಲೆ ಎನ್ನುತ್ತಾರೆ. ಸಯನೊಟೈಪ್ ಎಂದರೆ ಹಳೆಯ ಕಾಲದ ನೀಲಿ ಫೋಟೋ. ಕಾಗದಕ್ಕೆ ಔಷಧಿ ಹಚ್ಚಿ, ಬಿಸಿಲಿಗೆ ಒಡ್ಡಿ, ನೀರಿನಲ್ಲಿ ತೊಳೆದರೆ ನೆರಳೆಲ್ಲ ಕಡುನೀಲಿಯಾಗಿ ನಿಲ್ಲುತ್ತಿತ್ತು. ನಾನು ಬಿಸಿಲಿಗೂ ಹೋಗಲಿಲ್ಲ, ನೀರೂ ಮುಟ್ಟಲಿಲ್ಲ. ಕಂಪ್ಯೂಟರಿನಲ್ಲೇ ನೆರಳಿಗೆ ನೀಲಿ, ಬೆಳಕಿಗೆ ಕೆನೆಬಣ್ಣ ತುಂಬಿ, ಮೇಲೆ ಒರಟು ಕಾಗದದ ಎಳೆ ಹಾಸಿ, ಅಂಚಿನಲ್ಲಿ ಬ್ರಷ್ ಎಳೆದ ಗುರುತು ಬಿಟ್ಟೆ. ಒಂದು ವಾರ ಕೂತು ಆರುನೂರ ಹನ್ನೆರಡು ಫೋಟೋಗಳಿಗೂ ನೂರು ವರ್ಷ ವಯಸ್ಸು ಮಾಡಿದೆ.

ಆಲ್ಬಮ್ ನೋಡಿದ ಮದುಮಗಳು ಕುಣಿದಾಡಿದಳು. "ಯಾರ ಮದುವೇದೂ ಹೀಗಿಲ್ಲ!" ಎಂದಳು. ನಾನು ಉಸಿರು ಬಿಡುವಷ್ಟರಲ್ಲಿ ಅವಳ ಜೊತೆ ಬಂದಿದ್ದ ಅಜ್ಜಿ ಒಂದು ಪುಟದ ಮೇಲೆ ಬೆರಳಿಟ್ಟರು. ಆ ಪುಟದಲ್ಲಿ ಅವರ ಯಜಮಾನರು ಕುರ್ಚಿಯಲ್ಲಿ ಕೂತು, ಸ್ವೆಟರಿನ ಗುಂಡಿ ಮೇಲಿನಿಂದ ಕೆಳಗಿನವರೆಗೂ ಹಾಕಿಕೊಂಡು, ನೆಟ್ಟಗೆ ನೋಡುತ್ತಿದ್ದರು. ಮೊಮ್ಮಗಳ ಮದುವೆಯಾದ ಹನ್ನೆರಡನೆಯ ದಿನ ಅವರು ತೀರಿಕೊಂಡಿದ್ದರು.

"ಎಲ್ಲಾ ನೀಲಿ ಮಾಡಿದೀರಲ್ಲಮ್ಮ. ಇವರದೊಂದು ಬಣ್ಣದ್ದು ಕೊಡಿ, ಸಾಕು. ಇದೇ ಕೊನೇ ಫೋಟೋ."

ಎಲುಬಿಲ್ಲದ ನಾಲಿಗೆ ನಮ್ಮ ಯಜಮಾನರದು: "ಅದಕ್ಕೇನಂತೆ ಅಮ್ಮ, ಬಣ್ಣದ್ದು ಇದ್ದೇ ಇದೆ. ಗುರುವಾರ ಮೂರು ಗಂಟೆಗೆ ಬನ್ನಿ."

ಅವರು ಬಾಗಿಲು ದಾಟಿದ ಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬಲ್ಲಿಗೆ ಮುಗಿಸಿದೆ. ಮಾನದ ಮಾತು ಹಾಗಿರಲಿ, ಆ ಮುದುಕಿಯ ಮುಖ ನನ್ನನ್ನು ಬಿಡಲಿಲ್ಲ. ಇಲ್ಲವೆಂದು ಹೇಳುವುದಕ್ಕೂ ಧೈರ್ಯ ಬರಲಿಲ್ಲ. ಇದ್ದ ಮೂರು ದಿನದಲ್ಲಿ ಕರಿಬಿಳುಪಿನ ಆ ಫೋಟೋಗೆ ಕೈಯಾರೆ ಬಣ್ಣ ತುಂಬಲು ಕೂತೆ.

ಚರ್ಮ, ತುಟಿ, ನರೆಗೂದಲು, ಕುರ್ಚಿಯ ಮರ, ಇವೆಲ್ಲ ಅಂದಾಜಿಗೆ ಸಿಗುತ್ತವೆ. ಸ್ವೆಟರ್ ಮಾತ್ರ ಬೂದು. ಕೆಂಪೂ ಹಸಿರೂ ಕರಿಬಿಳುಪಿಗೆ ಬಂದರೆ ಒಂದೇ ಬೂದಾಗುತ್ತವೆ, ಎಷ್ಟು ದಿಟ್ಟಿಸಿದರೂ ಬಾಯಿ ಬಿಡುವುದಿಲ್ಲ.

"ರೀ, ಮದುವೆಗೆ ಹೋಗಿದ್ದವರು ನೀವು. ಸ್ವೆಟರ್ ಯಾವ ಬಣ್ಣ?"

"ಹಸಿರು."

"ನೂರಾರು ಜನರ ಮಧ್ಯೆ ಅದೊಂದು ಹೇಗೆ ನೆನಪಿದೆ?"

"ಹಸಿರು ಅನ್ನೋದು ಇನ್ನೂ ಕಿವೀಲೇ ಇದೆ ಕಣೇ. ಕಣ್ಣು ಮುಚ್ಚಿ ಹಾಕು."

ಬಣ್ಣ ಕಿವಿಯಲ್ಲಿ ಹೇಗೆ ಉಳಿಯುತ್ತದೆ ಎಂದು ಆಗಲೇ ಕೇಳಬೇಕಿತ್ತು. ಹೊತ್ತಿರಲಿಲ್ಲ. ಹೆಣಿಗೆಯ ಒಂದೊಂದು ಸಾಲಿಗೂ ಹಸಿರು ತುಂಬಿ, ಮಡಿಕೆಯಲ್ಲಿ ದಟ್ಟ ಮಾಡಿ, ಗುಂಡಿಗಳನ್ನು ಕಂದು ಮಾಡಿದೆ. ಗುರುವಾರ ಮಧ್ಯಾಹ್ನ ಪ್ರಿಂಟ್ ತೆಗೆದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆಮ್ಮೆಯೇ ಆಯಿತು.

ಮೂರಕ್ಕೆ ಐದು ನಿಮಿಷವಿರುವಾಗಲೇ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದರು; ಅವಳ ಬಗಲಲ್ಲಿ ನೀಲಿ ಆಲ್ಬಮ್ ಇತ್ತು. ಯಜಮಾನರು ಕುರ್ಚಿ ಎಳೆದು ಕೊಟ್ಟು, ಒರೆಸಿದ್ದ ಮೇಜನ್ನೇ ಮತ್ತೆ ಒರೆಸತೊಡಗಿದರು. ಅಜ್ಜಿ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಸ್ವೆಟರ್ ಹಸಿರಿದೆ" ಎಂದರು ಮೆಲ್ಲಗೆ.

ಮೊಮ್ಮಗಳು ಬಗ್ಗಿ ನೋಡಿದಳು. "ಅಜ್ಜಿ! ತಾತನ ಸ್ವೆಟರ್ ಕೆಂಪಲ್ವಾ? ನೀನೇ ಅಲ್ವಾ ಹೆಣೆದಿದ್ದು?"

"ಪ್ರಿಂಟಲ್ಲಿ ಸ್ವಲ್ಪ ಬಣ್ಣ ಆಚೀಚೆ ಆಗುತ್ತಮ್ಮ" ಎಂದರು ನಮ್ಮ ಮಹಾನುಭಾವರು.

"ಸುಮ್ನಿರಿ ಸಾಕು" ಎಂದೆ. ಒಂದು ಸುಳ್ಳನ್ನು ಕಾಯಲು ಎಷ್ಟು ಸುಳ್ಳಿನ ಕಾವಲು ಇಡುವುದು? "ಅಜ್ಜಿ, ಬಣ್ಣದ ಫೋಟೋ ಇಲ್ಲವೇ ಇಲ್ಲ. ಮದುವೇದು ಒಂದೂ ಇಲ್ಲ. ಕ್ಯಾಮೆರಾ ತಪ್ಪಾಗಿ ಕರಿಬಿಳುಪಲ್ಲಿತ್ತು. ಅದನ್ನ ಮುಚ್ಚೋಕೆ ನೀಲಿ ಮಾಡಿದ್ದು ನಾನು. ಈ ಬಣ್ಣಾನೂ ನಾನೇ ತುಂಬಿದ್ದು. ನಿಮಗೆ ಮೋಸ ಮಾಡಿದ್ವಿ, ತಪ್ಪಾಯ್ತು."

ಮದುಮಗಳ ಮುಖ ಕೆಂಪಾಯಿತು. "ನಾನು ಬಾಗಿಲಿಗೆ ಬೋರ್ಡ್ ಹಾಕಿಸಿದ್ದೆ! ಯಾರೂ ಒಂದು ಫೋಟೋ ತೆಗೀದ ಹಾಗೆ ಮಾಡಿದ್ದೆ! ನನ್ನ ತಾತ..." ನನಗೆ ಅವಳ ಮುಖ ನೋಡಲಾಗಲಿಲ್ಲ.

ಅಜ್ಜಿಗೆ ಇದ್ಯಾವುದೂ ಕೇಳಿಸಿದಂತೆ ಕಾಣಲಿಲ್ಲ. ಅವರು ನಮ್ಮ ಯಜಮಾನರನ್ನೇ ನೋಡುತ್ತಿದ್ದರು. "ಹಸಿರು ಅಂತ ನಿನಗೆ ಯಾರಪ್ಪ ಹೇಳಿದ್ದು?"

ಯಜಮಾನರು ಒರೆಸುವ ಬಟ್ಟೆ ಕೆಳಗಿಟ್ಟರು. "ಅವರೇ ಅಮ್ಮ. ಮುಖ ಮಾತ್ರ ತೆಗೆಯೋಣ ಅಂತ ನಾನು ಹತ್ತಿರ ಹೋಗಿದ್ದೆ. ಕೈ ಅಡ್ಡ ಹಿಡಿದು, 'ಸ್ವೆಟರ್ ಪೂರ್ತಿ ಬರೋ ಹಾಗೆ ತೆಗಿಯಯ್ಯಾ' ಅಂದ್ರು. 'ಇಂಥ ಹಸಿರು ಈ ಛತ್ರದಲ್ಲಿ ಒಬ್ಬರ ಮೈಮೇಲಾದ್ರೂ ಇದೆಯಾ ನೋಡು. ನಮ್ಮನೆಯವಳು ಹೆಣೆದಿದ್ದು' ಅಂದ್ರು."

ಅಜ್ಜಿ ಫೋಟೋವನ್ನು ಮಡಿಲಲ್ಲಿಟ್ಟುಕೊಂಡರು.

"ಅವರ ಕಣ್ಣಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳೀತಿರಲಿಲ್ಲ" ಎಂದರು. "ಹೆಣೆದು ಕೊಟ್ಟ ದಿನ 'ಹಸಿರಾ?' ಅಂದ್ರು. ನಾನು ಹೂಂ ಅಂದೆ. ಹನ್ನೊಂದು ವರ್ಷ ಹೂಂ ಅಂತಾನೇ ಇದ್ದೆ. ಮನೆಯವರಿಗೆಲ್ಲ ಕಣ್ಸನ್ನೆ ಮಾಡಿಟ್ಟಿದ್ದೆ, ಯಾರೂ ತಿದ್ದಬಾರದು ಅಂತ. ಒಂದು ದಿನಾನೂ ಚೆನ್ನಾಗಿದೆ ಅಂದವರಲ್ಲ. ಹಾಕ್ಕೊಳ್ಳೋರು, ಬಿಚ್ಚಿಡೋರು, ಅಷ್ಟೇ. ಇಷ್ಟ ಆಗಿಲ್ಲವೇನೋ ಅಂತ ನನಗೊಂದು ಕೊರಗಿತ್ತು."

ನಾನು ಅತ್ತುಬಿಟ್ಟೆ. ಬೈಯಬೇಕಾದವರು ಬೈಯದಿದ್ದರೆ ಆಗುವ ಸಂಕಟ ಬೇರೆಯೇ. "ಅಜ್ಜಿ, ಕೂತ್ಕೊಳ್ಳಿ, ಈಗಲೇ ಕೆಂಪು ಮಾಡಿ ಕೊಡ್ತೀನಿ" ಎಂದೆ.

"ಬೇಡಮ್ಮ. ಅವರು ಕಂಡಿದ್ದು ಹೀಗೇ."

ಮದುಮಗಳಿಗೆ ಸಮಾಧಾನವಾಗಲಿಲ್ಲ. ನೀಲಿ ಆಲ್ಬಮ್ಮನ್ನು ನಮ್ಮ ಮೇಜಿನ ಮೇಲೆ ಕುಕ್ಕಿ, "ಹೊರಗಿರ್ತೀನಿ ಅಜ್ಜಿ" ಎಂದು ಹೋಗಿಬಿಟ್ಟಳು. ಅವಳ ಸಿಟ್ಟು ನ್ಯಾಯವಾದದ್ದೇ. ಆ ಆಲ್ಬಮ್ ಇವತ್ತಿಗೂ ನಮ್ಮಲ್ಲೇ ಇದೆ, ಅವಳು ತಿರುಗಿ ಬಂದಿಲ್ಲ.

ಅಜ್ಜಿ ಮಾತ್ರ ಏಳಲಿಲ್ಲ. ಫೋಟೋದಲ್ಲಿನ ಸ್ವೆಟರಿನ ಮೇಲೆ ಬೆರಳಾಡಿಸುತ್ತ, ನಮ್ಮ ಯಜಮಾನರಿಗೆ ಎದುರಿನ ಕುರ್ಚಿ ತೋರಿಸಿದರು.

"ಇನ್ನೊಂದು ಸಲ ಹೇಳಪ್ಪ. ಅವರು ಹೇಳಿದ ಹಾಗೇ ಹೇಳು."

ಯಜಮಾನರು ಕೂತರು. ಕೈ ಅಡ್ಡ ಹಿಡಿದು ಮೊದಲಿನಿಂದ ಹೇಳಿದರು.