ತಕ್ಕಡಿ ಮೇಲೆ ಗಾಳಿ

ಸೊಕ್ಕೆಯ ನಮ್ಮ ಕಣದಲ್ಲಿ ರಾಗಿ ತೂರುವ ಫ್ಯಾನಿನ ಗಾಳಿ ಎಷ್ಟು ವೇಗದ್ದೆಂದು ನಾನು ಮರುದಿನ ಕಾಲೇಜಿನಲ್ಲಿ ಹೇಳಬೇಕಿತ್ತು. ಅಳೆಯುವ ಯಂತ್ರ ಇರಲಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ, ಕೆಳಗಿನಿಂದ ಗಾಳಿ ಒಳಬರಲು ಸಂದಿ ಬಿಟ್ಟು ಇಟ್ಟಿಗೆ ಜೋಡಿಸಿ, ಅವುಗಳ ಮೇಲೆ ಫ್ಯಾನನ್ನು ಆಕಾಶಕ್ಕೆ ಮುಖ ಮಾಡಿ ಮಲಗಿಸಿದೆ. ತೂಕವನ್ನು ಸೊನ್ನೆಗೆ ತಂದು ಸ್ವಿಚ್ ಒತ್ತಿದೆ.

“ಗಾಳಿನ ಮೇಲಕ್ಕೆ ತಳ್ಳಿದಷ್ಟೇ ಜೋರಾಗಿ ಫ್ಯಾನ್ ಕೆಳಕ್ಕೆ ಒತ್ತತೈತೆ. ಎಷ್ಟು ಕೆಜಿ ಬಂತು ನೋಡಜ್ಜಿ.”

“ಲಾಭ,” ಎಂದಳು ಅಜ್ಜಿ.

“ಲಾಭ ಆಮೇಲೆ. ನಂಬರ್ ಹೇಳು.”

“ಹೇಳಿದ್ನಲ್ಲೇ. ಕಣದಾಗೆ ನಿಂತು ಯಾರಾದ್ರೂ ಒಂದು ಅಂತಾರೇನೆ? ಮೊದಲನೇದು ಲಾಭ, ಆಮೇಲೆ ಎರಡು.”

ಒಂದು ಕೆಜಿ ತೂಕದ ಬಲವನ್ನು ಗಾಳಿಯ ಸಾಂದ್ರತೆಯಿಂದಲೂ ಫ್ಯಾನಿನ ವಿಸ್ತೀರ್ಣದಿಂದಲೂ ಭಾಗಿಸಿ, ವರ್ಗಮೂಲ ತೆಗೆದೆ. ಸೆಕೆಂಡಿಗೆ ಸುಮಾರು ಐದೂವರೆ ಮೀಟರ್ ಬಂತು.

“ಸಿಕ್ತಜ್ಜಿ, ನಾಳೆ ಬೈಸಿಕೊಳ್ಳಂಗಿಲ್ಲ.”

“ಹಂಗಾದ್ರೆ ಫ್ಯಾನ್ ಇಳಿಸು. ಇನ್ನೂ ರಾಗಿ ತೂರಾಕೈತೆ.”